ಐದು ದಾಟಿದ ಮೇಲೆ ಮಕ್ಕಳು ಎಲ್ಲಿಗೆ ಹೋಗುತ್ತಾರೆ?

ಹಳ್ಳಿಯ ಸರ್ಕಾರಿ ಶಾಲೆಗೆ ಹೋದರೆ ಮುಖ್ಯಶಿಕ್ಷಕರ ಕೊಠಡಿ ಪಕ್ಕದ ಗೋಡೆಯಲ್ಲಿ ಒಂದು ಕಪ್ಪು ಹಲಗೆ ಕಾಣುತ್ತದೆ. ಗೆರೆಗಳನ್ನು ಬಿಳಿ ಬಣ್ಣದಲ್ಲಿ ಎಳೆದಿರುತ್ತಾರೆ. ಅಂಕಿ ಮಾತ್ರ ಸೀಮೆಸುಣ್ಣದ್ದು. ತರಗತಿ, ಗಂಡು, ಹೆಣ್ಣು, ಒಟ್ಟು, ಇಂದಿನ ಹಾಜರಾತಿ. ಪ್ರಾರ್ಥನೆ ಮುಗಿದ ಮೇಲೆ ಏಳನೇ ತರಗತಿಯ ಯಾರಾದರೂ ಒದ್ದೆ ಬಟ್ಟೆ ತಂದು ನಿನ್ನೆಯದನ್ನು ಒರೆಸಿ ಇವತ್ತಿನದನ್ನು ಬರೆಯುತ್ತಾರೆ. ಅಡುಗೆಮನೆಯಲ್ಲಿ ಅಕ್ಕಿ ಅಳೆಯುವುದೂ ಆ ಲೆಕ್ಕದ ಮೇಲೆಯೇ.

ಊರಿಗೆ ಹೋದಾಗಲೆಲ್ಲ ಈ ಹಲಗೆ ಓದುವುದು ನನಗೊಂದು ಚಟ. ನಮ್ಮೂರು ತುಮಕೂರು ಜಿಲ್ಲೆಯ ಒಂದು ಸಣ್ಣ ಹಳ್ಳಿ. ಒಂದರಿಂದ ಏಳರವರೆಗೆ ಹಿರಿಯ ಪ್ರಾಥಮಿಕ ಶಾಲೆ ಇದೆ. ಹಲಗೆಯನ್ನು ಮೇಲಿನಿಂದ ಕೆಳಕ್ಕೆ ಓದುತ್ತಾ ಬಂದರೆ ಐದರವರೆಗೆ ಸಂಖ್ಯೆ ಹೆಚ್ಚುಕಡಿಮೆ ಒಂದೇ ಥರ. ಆರಕ್ಕೆ ಬಂದ ಕೂಡಲೇ ಕುಸಿಯುತ್ತದೆ. ಅಕ್ಕಪಕ್ಕದ ಊರುಗಳಲ್ಲೂ ಇದನ್ನೇ ನೋಡಿದ್ದೇನೆ.

ಟೀ ಅಂಗಡಿಯಲ್ಲಿ ಇದಕ್ಕೊಂದು ಉತ್ತರ ಸಿದ್ಧವಾಗಿರುತ್ತದೆ. "ಮೇಷ್ಟ್ರು ಪಾಠ ಮಾಡಲ್ಲ, ಅದಕ್ಕೇ ಮಕ್ಕಳು ಬಿಟ್ಟು ಹೋಗ್ತಾವೆ." ಇದನ್ನು ನಾನೂ ಬಹಳ ವರ್ಷ ನಂಬಿದ್ದೆ. ಆಮೇಲೆ ಬಿಟ್ಟು ಹೋದ ಮಕ್ಕಳು ಯಾರು, ಹೋಗಿದ್ದು ಎಲ್ಲಿಗೆ ಅಂತ ಒಂದೊಂದೇ ಮನೆ ನೆನಪಿಸಿಕೊಂಡು ಎಣಿಸತೊಡಗಿದೆ. ಲೆಕ್ಕ ಟೀ ಅಂಗಡಿಯ ಉತ್ತರಕ್ಕೆ ಹೊಂದಲಿಲ್ಲ.

ಮೊದಲು ಮಕ್ಕಳ ಸಂಖ್ಯೆಯನ್ನೇ ನೋಡೋಣ. ಹಳ್ಳಿಯಲ್ಲಿ ಮಕ್ಕಳೇ ಕಡಿಮೆಯಾಗಿದ್ದಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992-93ರಲ್ಲಿ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ ಮೂರರ ಹತ್ತಿರ ಮಕ್ಕಳು. 2019-21ರ ಸಮೀಕ್ಷೆಗೆ ಬರುವಷ್ಟರಲ್ಲಿ ಅದು 1.7ಕ್ಕೆ ಇಳಿದಿದೆ. ನನ್ನ ಕ್ಲಾಸಿನಲ್ಲಿ ಒಂದೇ ಮನೆಯ ಅಣ್ಣ ತಮ್ಮಂದಿರು ಇದ್ದರು, ಅವರ ಅಕ್ಕ ಮುಂದಿನ ಕ್ಲಾಸು, ತಂಗಿ ಹಿಂದಿನ ಕ್ಲಾಸು. ಈಗ ಅದೇ ಮನೆಯಿಂದ ಶಾಲೆಗೆ ಬರಬೇಕಾದ ಮಗು ಒಂದೋ ಎರಡೋ. ಅಪ್ಪ ಅಮ್ಮ ದುಡಿಯಲು ಬೆಂಗಳೂರಿಗೆ ಹೋಗಿದ್ದರೆ ಅದೂ ಇಲ್ಲ. ಎಷ್ಟೇ ಒಳ್ಳೆಯ ಶಾಲೆಯಾದರೂ ಹುಟ್ಟದ ಮಗುವನ್ನು ದಾಖಲು ಮಾಡಿಕೊಳ್ಳಲು ಆಗಲ್ಲ, ಅಲ್ವಾ? ದಾಖಲಾತಿ ಇಳಿದ ಸುದ್ದಿ ಬಂದಾಗಲೆಲ್ಲ ಈ ಭಾಗ ಮರೆತೇ ಹೋಗುತ್ತದೆ.

ಎರಡನೆಯದು ಕಾನ್ವೆಂಟ್ ವ್ಯಾನು. ನಮ್ಮ ಕಡೆ ಖಾಸಗಿ ಇಂಗ್ಲಿಷ್ ಶಾಲೆ ಯಾರದ್ದೇ ಆಗಿರಲಿ, ಅದರ ಹೆಸರು 'ಕಾನ್ವೆಂಟು'. ಬೆಳಿಗ್ಗೆ ಎಂಟಕ್ಕೆ ಮೊದಲೇ ಹಳದಿ ವ್ಯಾನು ಅರಳಿಕಟ್ಟೆ ಹತ್ತಿರ ಬಂದು ಹಾರ್ನ್ ಹೊಡೆಯುತ್ತದೆ. ನಾಲ್ಕು ವರ್ಷದ ಮಗು ಟೈ ಕಟ್ಟಿಕೊಂಡು ಹತ್ತುತ್ತದೆ. ಎಲ್ಲ ಶುರುವಾಗುವುದು ಆ ವಯಸ್ಸಿನಲ್ಲೇ. ಎಲ್‌ಕೆಜಿಗೆ ವ್ಯಾನ್ ಹತ್ತಿದ ಮಗು ಒಂದನೇ ಕ್ಲಾಸಿಗೆ ವಾಪಸ್ ಊರ ಶಾಲೆಗೆ ಬರುವುದು ಅಪರೂಪ. ಸರ್ಕಾರಕ್ಕೆ ಇದು ತಡವಾಗಿ ಅರ್ಥವಾಯಿತು. ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿ ತೆರೆದರು. 2024ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲೂ ಶುರು ಮಾಡಿದರು. ಆಗ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ನಮ್ಮ ಮಕ್ಕಳನ್ನೇ ಕಿತ್ತುಕೊಂಡರೆ ಅಂಗನವಾಡಿ ಯಾಕೆ ಬೇಕು ಅಂತ ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಸರ್ಕಾರದ ಒಂದು ಬಾಗಿಲು ತೆರೆದರೆ ಸರ್ಕಾರದ್ದೇ ಇನ್ನೊಂದು ಬಾಗಿಲು ಮುಚ್ಚುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಆರನೇ ತರಗತಿಯ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಇಂಗ್ಲಿಷ್ ವಿಚಾರದಲ್ಲಿ ಸರ್ಕಾರ ಕೈಕಟ್ಟಿ ಕೂತಿತ್ತು ಅನ್ನುವ ಹಾಗಿಲ್ಲ. 2007-08ರಿಂದಲೇ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ವಿಷಯವಾಗಿದೆ. 2014ರಲ್ಲಿ ಸುಪ್ರೀಂ ಕೋರ್ಟು ಮಾತೃಭಾಷೆಯನ್ನೇ ಮಾಧ್ಯಮವಾಗಿ ಹೇರುವಂತಿಲ್ಲ ಎಂದಿತು. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ಬಂತು. ಶಿಕ್ಷಣ ಹಕ್ಕು ಕಾಯ್ದೆಯ ಶೇ 25ರ ಕೋಟಾದಲ್ಲಂತೂ ಬಡ ಮಕ್ಕಳ ಖಾಸಗಿ ಶಾಲೆಯ ಶುಲ್ಕವನ್ನು ಸರ್ಕಾರವೇ ಕಟ್ಟುತ್ತಿತ್ತು. ಪಕ್ಕದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಇಲ್ಲ ಎಂದು ನಿಯಮ ಬದಲಾಯಿತು. 2019ರ ಮೇನಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅಲ್ಲಿಗೆ ಆ ದಾರಿ ಬಹುಪಾಲು ಮುಚ್ಚಿತು. ವ್ಯಾನು ಮಾತ್ರ ನಿಲ್ಲಲಿಲ್ಲ. ಅಪ್ಪಂದಿರು ಸಾಲ ಮಾಡಿ ಫೀಸು ಕಟ್ಟಿದರು. ಒಂದು ಮನೆಯಲ್ಲಿ ಗಂಡು ಒಂದು, ಹೆಣ್ಣು ಒಂದು ಇದ್ದರೆ ಗಂಡು ವ್ಯಾನಿಗೆ, ಹೆಣ್ಣು ಗೌರ್ಮೆಂಟ್ ಸ್ಕೂಲಿಗೆ ಅನ್ನುವ ಲೆಕ್ಕವನ್ನು ನಾನು ಒಂದಲ್ಲ ಹತ್ತು ಮನೆಯಲ್ಲಿ ನೋಡಿದ್ದೇನೆ.

ಆದರೆ ಮಕ್ಕಳು ಹುಟ್ಟುವುದು ಕಡಿಮೆಯಾದರೆ, ಕಾನ್ವೆಂಟ್ ಜಾಸ್ತಿಯಾದರೆ, ಹೊಡೆತ ಬೀಳಬೇಕಾದ್ದು ಒಂದನೇ ತರಗತಿಗೆ. ಐದರವರೆಗೆ ಇಲ್ಲೇ ಓದಿದ ಮಗು ಆರಕ್ಕೆ ಎಲ್ಲಿ ಹೋಯಿತು?

ಐದನೇ ತರಗತಿಯ ಮಕ್ಕಳು ನವೆಂಬರ್ ಡಿಸೆಂಬರ್ ಹೊತ್ತಿಗೆ ಏನು ಓದುತ್ತಿರುತ್ತಾರೆ ಅಂತ ನೋಡಿದರೆ ಉತ್ತರ ಸಿಗುತ್ತದೆ. ಬ್ಯಾಗಿನಲ್ಲಿ ಪಠ್ಯಪುಸ್ತಕದ ಜೊತೆ ಒಂದು ದಪ್ಪ ಗೈಡು ಇರುತ್ತದೆ. ಮುಖಪುಟದ ಮೇಲೆ ನವೋದಯ, ಮೊರಾರ್ಜಿ, ಆದರ್ಶ ಅಂತ ದೊಡ್ಡಕ್ಷರದಲ್ಲಿ ಬರೆದಿರುತ್ತದೆ. ಈ ಮೂರೂ ಆರನೇ ತರಗತಿಯಿಂದ ಶುರುವಾಗುವ ಶಾಲೆಗಳು. ಮೂರಕ್ಕೂ ಐದನೇ ತರಗತಿಯಲ್ಲಿ ಓದುವ ಮಗುವಿಗೆ ಪ್ರವೇಶ ಪರೀಕ್ಷೆ. ಮೂರೂ ಸರ್ಕಾರದ್ದೇ.

ಜವಾಹರ ನವೋದಯ ಕೇಂದ್ರ ಸರ್ಕಾರದ್ದು. ಸಾಮಾನ್ಯವಾಗಿ ಜಿಲ್ಲೆಗೊಂದು, ಆರನೇ ತರಗತಿಗೆ 80 ಸೀಟು, ಅದರಲ್ಲಿ ಕನಿಷ್ಠ ಮುಕ್ಕಾಲು ಭಾಗ ಹಳ್ಳಿ ಮಕ್ಕಳಿಗೆ ಮೀಸಲು. ಆದರ್ಶ ವಿದ್ಯಾಲಯ ರಾಜ್ಯದಲ್ಲಿ 74 ಇವೆ, ಹಿಂದುಳಿದ ತಾಲ್ಲೂಕುಗಳಿಗೆ ಅಂತ 2010ರ ಸುಮಾರಿಗೆ ಬಂದವು, ಇಂಗ್ಲಿಷ್ ಮಾಧ್ಯಮ. ಎಲ್ಲಕ್ಕಿಂತ ದೊಡ್ಡದು ವಸತಿ ಶಾಲೆಗಳ ಜಾಲ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ಮುಂತಾದ ಹೆಸರಿನಲ್ಲಿ ರಾಜ್ಯದಾದ್ಯಂತ 800ಕ್ಕೂ ಹೆಚ್ಚು ಶಾಲೆಗಳು. ಒಂದೊಂದರಲ್ಲಿ ಆರನೇ ತರಗತಿಗೆ ಸುಮಾರು 50 ಮಕ್ಕಳು. ಗುಣಿಸಿ ನೋಡಿ, ವರ್ಷಕ್ಕೆ 40 ಸಾವಿರದ ಹತ್ತಿರ ಹೋಗುತ್ತದೆ. ಊಟ, ವಸತಿ, ಬಟ್ಟೆ, ಪುಸ್ತಕ ಎಲ್ಲ ಉಚಿತ. ಹೆಣ್ಣುಮಕ್ಕಳಿಗೆ ಕಸ್ತೂರಬಾ ವಿದ್ಯಾಲಯ ಬೇರೆ.

ಯಾವ ತಾಯಿ ಬೇಡ ಅಂತಾಳೆ? ಅದರಲ್ಲೂ ಎರಡೆಕರೆ ಖುಷ್ಕಿ, ಮಳೆ ನಂಬಿದ ರಾಗಿ, ಇಷ್ಟೇ ಇರುವ ಮನೆಯಲ್ಲಿ. ಕೂಲಿ ಮಾಡುವ ದಲಿತ ಕುಟುಂಬದ ಹುಡುಗಿಗೆ ಈ ಶಾಲೆ ಸಿಕ್ಕರೆ ಮುಂದಿನ ಐದು ವರ್ಷ ಓದು ನಿಲ್ಲಲ್ಲ ಅನ್ನುವ ಧೈರ್ಯ ಮನೆಯವರಿಗೆ ಸಿಗುತ್ತದೆ. ಈ ಶಾಲೆಗಳು ಬೇಡ ಅಂತ ನಾನು ಹೇಳುತ್ತಿಲ್ಲ. ಊರ ಶಾಲೆಯ ಲೆಕ್ಕಕ್ಕೆ ಇದರಿಂದ ಏನಾಗುತ್ತದೆ ಅನ್ನುವುದಷ್ಟೇ ನನ್ನ ಪ್ರಶ್ನೆ.

ಐದನೇ ತರಗತಿಯಲ್ಲಿ 20 ಮಕ್ಕಳಿದ್ದಾರೆ ಅಂತಿಟ್ಟುಕೊಳ್ಳಿ. ಮೇಷ್ಟ್ರು ಸಂಜೆ ಒಂದು ಗಂಟೆ ಜಾಸ್ತಿ ಕೂತು ತಯಾರಿ ಮಾಡಿಸಿದರು. ನಾಲ್ವರು ಮೊರಾರ್ಜಿಗೆ ಆಯ್ಕೆಯಾದರು, ಒಬ್ಬಳು ಆದರ್ಶಕ್ಕೆ. ಇದನ್ನು ನೋಡಿ ಇನ್ನಿಬ್ಬರ ಅಪ್ಪಂದಿರು 'ಚೆನ್ನಾಗಿ ಓದೋ ಮಕ್ಕಳೆಲ್ಲ ಹೋದ ಮೇಲೆ ಇಲ್ಲೇನಿದೆ' ಅಂತ ಪಟ್ಟಣದ ಶಾಲೆಗೆ ಟಿಸಿ ತೆಗೆದುಕೊಂಡರು. ಆರಕ್ಕೆ ಉಳಿದವರು 13. ಹೋದವರು ಯಾರು? ಪರೀಕ್ಷೆಯಲ್ಲಿ ಗೆದ್ದವರು, ಜೊತೆಗೆ ಮನೆಯಲ್ಲಿ ಸ್ವಲ್ಪ ಅನುಕೂಲ ಇದ್ದವರು. ಈಗ ಆರನೇ ತರಗತಿಗೊಂದು ಪರೀಕ್ಷೆ ಇಟ್ಟು ಸರಾಸರಿ ತೆಗೆಯಿರಿ. ಕಳೆದ ವರ್ಷ 20 ಮಕ್ಕಳೂ ಐದರಲ್ಲಿದ್ದಾಗ ಬಂದಿದ್ದಕ್ಕಿಂತ ಕಡಿಮೆ ಬರುತ್ತದೆ. ಉಳಿದ ಒಂದು ಮಗುವೂ ಕಲಿತದ್ದನ್ನು ಮರೆತಿಲ್ಲ. ಆದರೂ ಶಾಲೆಯ 'ಫಲಿತಾಂಶ' ಬಿತ್ತು.

ಐದನೇ ತರಗತಿಯಲ್ಲಿ ಚೆನ್ನಾಗಿ ಪಾಠ ಮಾಡಿದ ಶಾಲೆಗೇ ಆರರಲ್ಲಿ ಹೆಚ್ಚು ನಷ್ಟ. ಶಾಲೆಯ ಗೇಟಿಗೆ ಫ್ಲೆಕ್ಸ್ ಕಟ್ಟುತ್ತಾರೆ, 'ನಮ್ಮ ಶಾಲೆಯಿಂದ ಮೊರಾರ್ಜಿಗೆ ಆಯ್ಕೆಯಾದ ವಿದ್ಯಾರ್ಥಿಗಳು' ಅಂತ ಫೋಟೊ ಸಮೇತ. ಅದು ಹೆಮ್ಮೆಯ ವಿಷಯವೇ. ಅದೇ ಫ್ಲೆಕ್ಸಿನ ಕೆಳಗೆ ನಿಂತು ಸುತ್ತಲಿನ ಶಾಲೆಗಳ ಉಸ್ತುವಾರಿ ನೋಡುವ ಸಿಆರ್‌ಪಿ ಕೇಳುತ್ತಾರೆ, "ಏನ್ ಸರ್, ಆರನೇ ಕ್ಲಾಸ್ ದಾಖಲಾತಿ ಇಷ್ಟು ಬಿದ್ದಿದೆ?"

ಉಳಿದ ಮಕ್ಕಳು ಏನು ಕಲಿತಿದ್ದಾರೆ ಅನ್ನುವುದು ಬೇರೆಯೇ ವಿಷಯ. ಅಲ್ಲಿ ತೊಂದರೆ ಇಲ್ಲ ಅಂತ ನಾನು ಹೇಳಲಾರೆ.

ಕಳೆದ ಸಲ ಹೋದಾಗ ಏಳನೇ ತರಗತಿಯಲ್ಲಿ ಸುಮ್ನೆ ಕೂತಿದ್ದೆ. ಮಿಸ್ ಬೋರ್ಡಿನ ಮೇಲೆ ಒಂದು ಭಾಗಾಕಾರ ಬರೆದರು. 824 ಭಾಗಿಸು 4. ಮುಂದಿನ ಬೆಂಚಿನ ಹುಡುಗ ಚಕಚಕ ಮಾಡಿದ. ನಾಲ್ಕೆರಡ್ಲಿ ಎಂಟು, ಮೇಲೆ 2 ಬರೆದ. ಮುಂದಿನ ಅಂಕಿ 2. ನಾಲ್ಕು ಹೋಗಲ್ಲ. ಪಕ್ಕದ 4 ಇಳಿಸಿಕೊಂಡು 24 ಮಾಡಿದ. ನಾಲ್ಕಾರ್ಲಿ ಇಪ್ಪತ್ನಾಕು, ಮೇಲೆ 6 ಬರೆದ. ಉತ್ತರ 26. ಮಗ್ಗಿ ತಪ್ಪಿಲ್ಲ, ಕ್ರಮವೂ ಹೆಚ್ಚುಕಡಿಮೆ ಸರಿ. ನಡುವೆ ಸೊನ್ನೆ ಬರೆಯಲಿಲ್ಲ ಅಷ್ಟೇ. "ಎಂಟುನೂರು ಚಿಲ್ಲರೆ ರೂಪಾಯಿ ನಾಲ್ಕು ಜನಕ್ಕೆ ಹಂಚಿದರೆ ಒಬ್ಬೊಬ್ಬರಿಗೆ ಬರೀ ಇಪ್ಪತ್ತಾರಾ?" ಅಂತ ಕೇಳಿದೆ. ಅವನು ನಕ್ಕ. "ಇಲ್ಲ ಸರ್, ಇನ್ನೂರರ ಮೇಲೆ ಬರ್ಬೇಕು" ಅಂದ. ಬಾಯಿಲೆಕ್ಕ ಅವನಿಗೆ ಗೊತ್ತು. ಶನಿವಾರದ ಸಂತೆಯಲ್ಲಿ ಅಪ್ಪನ ಜೊತೆ ಹುಣಸೆಹಣ್ಣು ಮಾರುವ ಹುಡುಗ. ಕಾಗದದ ಮೇಲಿನ ಲೆಕ್ಕಕ್ಕೂ ಸಂತೆಯ ಲೆಕ್ಕಕ್ಕೂ ನಡುವೆ ಯಾರೂ ಸೇತುವೆ ಕಟ್ಟಿಲ್ಲ. ಸ್ಥಾನಬೆಲೆ ಅನ್ನುವುದು ಮೂರನೇ ತರಗತಿಯ ಪಾಠ. ಮಿಸ್ ಕೈಯಲ್ಲಿರುವುದು ಏಳನೇ ತರಗತಿಯ ಪುಸ್ತಕ. ಅದರಲ್ಲಿ ಪೂರ್ಣಾಂಕ, ಭಿನ್ನರಾಶಿ, ಸರಳ ಸಮೀಕರಣ ಕಾಯುತ್ತಿವೆ.

ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸುವ ಇಂಥ ಲೆಕ್ಕವನ್ನೇ, ಹಳ್ಳಿ ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆಯವರು ಮನೆಮನೆಗೆ ಹೋಗಿ ಕೇಳುತ್ತಾರೆ. 2022ರಲ್ಲಿ ಗ್ರಾಮೀಣ ಭಾರತದ ಎಂಟನೇ ತರಗತಿಯ ಮಕ್ಕಳಲ್ಲಿ ಶೇ 44.7ರಷ್ಟು ಮಂದಿ ಇದನ್ನು ಮಾಡಿದರು. ಅಂದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಬರಲಿಲ್ಲ. ಇದು ಸರ್ಕಾರಿ, ಖಾಸಗಿ ಎರಡೂ ಸೇರಿಸಿದ ಲೆಕ್ಕ ಅನ್ನುವುದನ್ನು ಗಮನಿಸಿ. ವ್ಯಾನು ಹತ್ತಿದ ಮಗುವಿಗೆ ಭಾಗಾಕಾರ ತಾನಾಗಿಯೇ ಬಂದುಬಿಡುತ್ತದೆ ಅನ್ನುವುದು ಭ್ರಮೆ.

ಅದೇ ಸಮೀಕ್ಷೆಯ ಇನ್ನೊಂದು ಅಂಕಿ ಕುತೂಹಲದ್ದು. ಗ್ರಾಮೀಣ ಭಾರತದಲ್ಲಿ 6ರಿಂದ 14 ವಯಸ್ಸಿನ ಮಕ್ಕಳಲ್ಲಿ ಸರ್ಕಾರಿ ಶಾಲೆಯಲ್ಲಿದ್ದವರು 2018ರಲ್ಲಿ ಶೇ 65.6. ಕೋವಿಡ್ ಬಂತು, ಕೈಯಲ್ಲಿ ಕಾಸಿಲ್ಲ, ಖಾಸಗಿ ಶಾಲೆ ಎಷ್ಟೋ ಕಡೆ ಮುಚ್ಚಿದವು. 2022ರಲ್ಲಿ ಈ ಪ್ರಮಾಣ ಶೇ 72.9ಕ್ಕೆ ಏರಿತು. 2024ಕ್ಕೆ ಮತ್ತೆ ಶೇ 66.8. ಬಂದ ಮಕ್ಕಳು ಬಂದ ದಾರಿಯಲ್ಲೇ ವಾಪಸ್ ಹೋದರು. ಆ ಎರಡು ವರ್ಷ ಹಳ್ಳಿ ಶಾಲೆಗೆ ಸಿಕ್ಕ ಅವಕಾಶ ಅದು. ಹೊಸದಾಗಿ ಬಂದ ಅಪ್ಪ ಅಮ್ಮಂದಿರು ಶಾಲೆಯ ಒಳಗೆ ಕಾಲಿಟ್ಟು ನೋಡಿದ್ದರು. ಅವರನ್ನು ಉಳಿಸಿಕೊಳ್ಳಲು ಬೇಕಾದ ಮೇಷ್ಟ್ರುಗಳನ್ನು ಸಕಾಲಕ್ಕೆ ಕೊಡಲಿಲ್ಲ ಅನ್ನುವುದು ನನ್ನ ಅನಿಸಿಕೆ.

ಕೋವಿಡ್ಡಿನ ಇನ್ನೊಂದು ಪೆಟ್ಟು ಈಗ ಮಾಧ್ಯಮಿಕ ಹಂತದಲ್ಲಿ, ಅಂದರೆ ಆರರಿಂದ ಎಂಟರಲ್ಲಿ, ಕಾಣುತ್ತಿದೆ. ಕರ್ನಾಟಕದಲ್ಲಿ ಒಂದರಿಂದ ಐದನೇ ತರಗತಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. 2025-26ರಲ್ಲಿ ಏಳನೇ ತರಗತಿಯಲ್ಲಿ ಕೂತ ಮಗು 2020-21ರಲ್ಲಿ ಎರಡನೇ ತರಗತಿ. ಕೂಡಿಸುವಾಗ ದಶಕ ಹಾಕುವುದು, ಒತ್ತಕ್ಷರ ಓದುವುದು, ಇವೆಲ್ಲ ಕೂರಬೇಕಾದ ವರ್ಷ ಅದು. ಆ ಮಗು ಕರಿಹಲಗೆಯನ್ನೇ ನೋಡಲಿಲ್ಲ. ಆಮೇಲೆ ಕಲಿಕಾ ಚೇತರಿಕೆ ಅಂತ ಒಂದು ವರ್ಷ ಪ್ರಯತ್ನ ನಡೆಯಿತು. ಪುಸ್ತಕದ ಹಾಳೆ ತುಂಬಿತು. ಮೇಷ್ಟ್ರುಗಳ ಹತ್ತಿರ ಮಾತಾಡಿದರೆ, ಹಾಳೆ ತುಂಬಿಸುವುದೇ ಒಂದು ಕೆಲಸವಾಯಿತು ಅನ್ನುತ್ತಾರೆ.

ಮಾಧ್ಯಮಿಕ ಹಂತದ ಪೊಳ್ಳು ಬಯಲಾಗುವುದು ಎಸ್‌ಎಸ್‌ಎಲ್‌ಸಿಯಲ್ಲಿ. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಸಿಸಿ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು. ಫಲಿತಾಂಶ ಶೇ 73.40ಕ್ಕೆ ಬಿತ್ತು. ಅದೂ ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೆ. ಬೈಗುಳ ತಿಂದವರು ಹೈಸ್ಕೂಲಿನವರು. ಆದರೆ ಭಾಗಾಕಾರದ ಸೊನ್ನೆ ಕಳೆದುಹೋಗಿದ್ದು ಅದಕ್ಕೂ ಆರೇಳು ವರ್ಷ ಮೊದಲು.

ಹಾಗಾದರೆ ಮಧ್ಯದ ಮೂರು ವರ್ಷ ಯಾರು ಪಾಠ ಮಾಡುತ್ತಾರೆ? ಶಿಕ್ಷಣ ಹಕ್ಕು ಕಾಯ್ದೆ 2010ರಿಂದ ಜಾರಿಯಲ್ಲಿದೆ. ಅದರ ಪ್ರಕಾರ 6ರಿಂದ 8ಕ್ಕೆ ತರಗತಿಗೊಬ್ಬರಂತೆ ಶಿಕ್ಷಕರಿರಬೇಕು. ವಿಜ್ಞಾನ-ಗಣಿತಕ್ಕೆ ಒಬ್ಬರು, ಸಮಾಜಕ್ಕೆ ಒಬ್ಬರು, ಭಾಷೆಗೆ ಒಬ್ಬರು. ಮಕ್ಕಳು ನೂರು ದಾಟಿದರೆ ಪೂರ್ಣಾವಧಿ ಮುಖ್ಯಶಿಕ್ಷಕರು, ಜೊತೆಗೆ ಚಿತ್ರಕಲೆ, ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು. ಕಾಗದದ ಮೇಲೆ ಚೆನ್ನಾಗಿದೆ. ಸಣ್ಣ ಊರಿನಲ್ಲಿ ಆರು, ಏಳು ಸೇರಿಸಿದರೆ ಮಕ್ಕಳೇ ಮೂವತ್ತು ದಾಟುವುದಿಲ್ಲ. ಅಷ್ಟಕ್ಕೆ ಮೂವರು ವಿಷಯ ಶಿಕ್ಷಕರನ್ನು ಕೊಡಲು ಇಲಾಖೆಗೆ ಮನಸ್ಸು ಬರುವುದಿಲ್ಲ. ದಾಖಲಾತಿ ಕಡಿಮೆ ಅಂತ ಒಬ್ಬರನ್ನು 'ಹೆಚ್ಚುವರಿ' ಅಂತ ಗುರುತಿಸುತ್ತಾರೆ. ಕೌನ್ಸೆಲಿಂಗ್‌ನಲ್ಲಿ ಅವರು ಬೇರೆ ಶಾಲೆಗೆ ಹೋಗುತ್ತಾರೆ. ಹೋದವರು ಗಣಿತದವರಾದರೆ ಆ ವರ್ಷ ಗಣಿತಕ್ಕೆ ಕನ್ನಡದ ಮೇಷ್ಟ್ರೇ ಗತಿ. ಮುಂದಿನ ಜೂನ್‌ನಲ್ಲಿ ಇನ್ನೂ ನಾಲ್ಕು ಮಕ್ಕಳು ಟಿಸಿ ಕೇಳುತ್ತಾರೆ. ಮತ್ತೆ ದಾಖಲಾತಿ ಕಡಿಮೆ, ಮತ್ತೊಬ್ಬರು ಹೆಚ್ಚುವರಿ.

ಇದರ ಮೇಲೆ ಪಿಎಸ್‌ಟಿ, ಜಿಪಿಟಿ ಅನ್ನುವ ಗೋಜಲು ಬೇರೆ. ಹೊರಗಿನವರಿಗೆ ಇದು ತಲೆಬುಡ ಅರ್ಥವಾಗುವುದಿಲ್ಲ. ಆದರೆ ಶಿಕ್ಷಕರ ಕೊಠಡಿಯಲ್ಲಿ ದಿನಾ ನಡೆಯುವ ಮಾತು ಇದೇ. ಹಿಂದೆ ನೇಮಕವಾದ ಪ್ರಾಥಮಿಕ ಶಿಕ್ಷಕರು ಒಂದರಿಂದ ಏಳರವರೆಗೆ ಪಾಠ ಮಾಡಲು ಬಂದವರು. 2017ರ ವೃಂದ ಮತ್ತು ನೇಮಕಾತಿ ನಿಯಮ ಬಂದ ಮೇಲೆ ಅವರು ಒಂದರಿಂದ ಐದಕ್ಕೆ ಮಾತ್ರ ಅನ್ನುವ ವೃಂದಕ್ಕೆ ಸೇರಿಹೋದರು. ಅದು ಪಿಎಸ್‌ಟಿ. ಆರರಿಂದ ಎಂಟಕ್ಕೆ ಪದವೀಧರ ಪ್ರಾಥಮಿಕ ಶಿಕ್ಷಕರು ಅನ್ನುವ ಹೊಸ ವೃಂದ. ಅದು ಜಿಪಿಟಿ. ಹಳಬರಲ್ಲಿ ಎಷ್ಟೋ ಜನ ಬಿಎ, ಬಿಎಸ್ಸಿ, ಬಿಎಡ್ ಮುಗಿಸಿ ಇಪ್ಪತ್ತು ವರ್ಷ ಏಳನೇ ತರಗತಿಗೆ ಪಾಠ ಮಾಡಿದ್ದವರು. ನಮಗೆ ಜಿಪಿಟಿಗೆ ಬಡ್ತಿ ಕೊಡಿ ಅಂತ ಅವರು 2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಸೇರಿದರು. ಅತ್ತ 2022ರಲ್ಲಿ 15 ಸಾವಿರ ಜಿಪಿಟಿ ಹುದ್ದೆಗೆ ಕರೆದ ನೇಮಕಾತಿ ಕೋರ್ಟು ಕಚೇರಿ ಅಲೆದು, 13 ಸಾವಿರಕ್ಕೂ ಹೆಚ್ಚು ಜನಕ್ಕೆ ಆದೇಶ ಸಿಗುವಾಗ 2023 ಮುಗಿಯುತ್ತಾ ಬಂದಿತ್ತು. ಅಷ್ಟರಲ್ಲಿ ಒಂದು ತಂಡದ ಮಕ್ಕಳು ಆರಕ್ಕೆ ಬಂದು ಏಳರ ಅರ್ಧ ದಾಟಿದ್ದರು.

ಖಾಲಿ ಜಾಗಕ್ಕೆ ಅತಿಥಿ ಶಿಕ್ಷಕರು. ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ 10 ಸಾವಿರ ಇದ್ದದ್ದು 2025-26ರ ಬಜೆಟ್ಟಿನಲ್ಲಿ 2 ಸಾವಿರ ಏರಿತು. ಮಾರ್ಚಿಗೆ ಕೆಲಸ ಮುಗಿಯುತ್ತದೆ. ಜೂನ್‌ನಲ್ಲಿ ಮತ್ತೆ ಆದೇಶಕ್ಕೆ ಕಾಯಬೇಕು. ನಾನು ಏಳನೇ ತರಗತಿಯಲ್ಲಿ ನೋಡಿದ ಮಿಸ್ ಅತಿಥಿ ಶಿಕ್ಷಕಿ. ಬಿಎಸ್ಸಿ, ಬಿಎಡ್. ಆ ಹುಡುಗನ ಸೊನ್ನೆಯನ್ನು ಅವರು ಬೈಯದೆ, ಅವಸರ ಮಾಡದೆ, ನೂರರ ನೋಟು, ಹತ್ತರ ನೋಟು ಅಂತ ಬರೆದು ವಾಪಸ್ ತರಿಸಿದರು. ಹತ್ತರ ನೋಟು ಎರಡೇ ಇದೆ, ನಾಲ್ಕು ಜನಕ್ಕೆ ಬರಲ್ಲ, ಹಾಗಾಗಿ ಆ ಮನೆಯಲ್ಲಿ ಸೊನ್ನೆ. ಹದಿನೈದು ನಿಮಿಷ ಹಿಡಿಯಿತು. ಮುಂದಿನ ವರ್ಷ ಅವರು ಇದೇ ಶಾಲೆಯಲ್ಲಿ ಇರುತ್ತಾರೋ ಇಲ್ಲವೋ ಅವರಿಗೂ ಗೊತ್ತಿಲ್ಲ.

ಕಾಯಂ ಇರುವವರ ಸಮಯವೂ ಪೂರ್ತಿ ಮಕ್ಕಳಿಗೆ ಸಿಗುವುದಿಲ್ಲ. 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಹಾಕಿದರು. ದಸರಾ ರಜೆಯೊಳಗೆ ಮುಗಿಯಲಿಲ್ಲ. ಸರ್ಕಾರಿ, ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಕಾನ್ವೆಂಟ್ ವ್ಯಾನು ಆ ದಿನಗಳಲ್ಲಿ ಎಂದಿನಂತೆ ಅರಳಿಕಟ್ಟೆಗೆ ಬರುತ್ತಿತ್ತು. ಊರಲ್ಲಿ ಕೂತು ಇದನ್ನು ನೋಡಿದ ಅಪ್ಪನಿಗೆ ಯಾವ ಸಮೀಕ್ಷೆಯ ಮಹತ್ವ ಹೇಳಿದರೂ ತಲೆಗೆ ಹೋಗಲ್ಲ. ಅದೇ ವರ್ಷ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು ಇನ್ನೊಂದು ತೀರ್ಪು ಕೊಟ್ಟಿತ್ತು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಬಾಕಿ ಇರುವ ಶಿಕ್ಷಕರು ಎರಡು ವರ್ಷದೊಳಗೆ ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಪಾಸಾಗಬೇಕು ಅಂತ. ಆವತ್ತಿನಿಂದ ಮಕ್ಕಳ ಬ್ಯಾಗಿನಲ್ಲಿ ಮೊರಾರ್ಜಿ ಗೈಡು, ಮೇಷ್ಟ್ರ ಬ್ಯಾಗಿನಲ್ಲಿ ಟಿಇಟಿ ಗೈಡು.

ಈಗ ಬಂದಿರುವ ಪರಿಹಾರದ ಹೆಸರು ಕೆಪಿಎಸ್. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ. 2018-19ರಲ್ಲಿ ಶುರುವಾದ ಈ ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಲ್ಲಿ ಇನ್ನೂ ನೂರಾರು ಕಡೆ ಮಾಡುವುದು ಸರ್ಕಾರದ ಯೋಜನೆ. ಒಳ್ಳೆಯದಾದರೆ ತುಂಬ ಒಳ್ಳೆಯದು. ವಿಷಯಕ್ಕೊಬ್ಬ ಶಿಕ್ಷಕರು, ಲ್ಯಾಬು, ಆಟದ ಮೈದಾನ, ಮೂರನೇ ತರಗತಿಯ ತೊಡಕನ್ನು ಏಳನೇ ತರಗತಿಯ ಮೇಷ್ಟ್ರು ಮೂರನೇ ತರಗತಿಯ ಮಿಸ್ ಹತ್ತಿರವೇ ಹೋಗಿ ಕೇಳುವ ಅವಕಾಶ. ಆದರೆ ಸುತ್ತಲಿನ ಸಣ್ಣ ಶಾಲೆಗಳನ್ನು ಅದರೊಳಗೆ ವಿಲೀನ ಮಾಡುತ್ತಾರೆ ಅನ್ನುವ ಭಯಕ್ಕೆ ವಿದ್ಯಾರ್ಥಿ ಸಂಘಟನೆಗಳು ಊರೂರಲ್ಲಿ ಸಭೆ ಮಾಡುತ್ತಿವೆ.

ನನ್ನ ಅಭಿಪ್ರಾಯ ಕೇಳಿದರೆ ಒಂದರಿಂದ ಐದು ಮತ್ತು ಆರರಿಂದ ಎಂಟು, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆರು ವರ್ಷದ ಮಗು ಊರೊಳಗೇ ಓದಬೇಕು. ಹತ್ತು ಮಕ್ಕಳಿದ್ದರೂ ಆ ಶಾಲೆ ಉಳಿಯಬೇಕು. ಹನ್ನೊಂದು ವರ್ಷದ ಮಗುವಿನ ವಿಷಯ ಬೇರೆ. ಅದಕ್ಕೆ ಗಣಿತ ಬಲ್ಲ ಶಿಕ್ಷಕರು ಬೇಕು, ಜಗಳವಾಡಲು, ಆಡಲು ಸಾಕಷ್ಟು ಜೊತೆಗಾರರು ಬೇಕು. ಶಿಕ್ಷಣ ಹಕ್ಕು ನಿಯಮವೂ ಈ ವಯಸ್ಸಿಗೆ 3 ಕಿಲೋಮೀಟರ್ ಒಳಗೆ ಶಾಲೆ ಇದ್ದರೆ ಸಾಕು ಅನ್ನುತ್ತದೆ. ಹಾಗಾಗಿ ಆರರಿಂದ ಮೇಲಿನ ತರಗತಿಗಳನ್ನು ನಾಲ್ಕೈದು ಊರಿಗೆ ಸೇರಿಸಿ ಒಂದು ಕಡೆ ಗಟ್ಟಿಯಾಗಿ ನಡೆಸುವುದಕ್ಕೆ ನನ್ನ ವಿರೋಧವಿಲ್ಲ. ಆದರೆ ಮೊದಲು ವಾಹನ, ಆಮೇಲೆ ವಿಲೀನ. 2006-07ರಿಂದ ಎಂಟನೇ ತರಗತಿಗೆ ಸೈಕಲ್ ಕೊಡುತ್ತಿದ್ದರು, ಕೋವಿಡ್ ವೇಳೆಗೆ ಅದು ನಿಂತಿತು. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ, ನಿಜ. ಆದರೆ ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸು ಬರುವ ಊರಿನಲ್ಲಿ ಸ್ಪೆಷಲ್ ಕ್ಲಾಸ್ ಮುಗಿಸಿದ ಹುಡುಗಿ ಯಾವ ಬಸ್ಸು ಹತ್ತಬೇಕು? ಹೊತ್ತು ಮುಳುಗಿದ ಮೇಲೆ ಮಗಳು ಮನೆಗೆ ಬರುವುದಾದರೆ ಆ ಶಾಲೆಯೇ ಬೇಡ ಅನ್ನುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ವಿಲೀನದ ಲೆಕ್ಕ ಹಾಕುವವರ ಕಡತದಲ್ಲಿ ಈ ಸಾಲು ಇರುವುದಿಲ್ಲ.

ಅಲ್ಲಿಯವರೆಗೆ ಊರಿನವರು ಮಾಡಬಹುದಾದ್ದೂ ಒಂದಿದೆ. ಪೋಷಕರಿರುವ ಶಾಲಾ ಸಮಿತಿಯಾದ ಎಸ್‌ಡಿಎಂಸಿ 2001ರಿಂದ ಇದೆ. ಸಭೆ ಅಂದರೆ ಬಣ್ಣ ಹೊಡೆಸುವುದು, ಕಾಂಪೌಂಡು, ಆಗಸ್ಟ್ 15ರ ಸ್ವೀಟು. ಒಂದು ಸಲ ಬೇರೆ ಪ್ರಶ್ನೆ ಕೇಳಿ ನೋಡಬಹುದು. ಐದರಲ್ಲಿ ಇದ್ದು ಏಳರವರೆಗೂ ಇಲ್ಲೇ ಉಳಿದ ಮಕ್ಕಳು ಯಾರು ಯಾರು, ಐದರಲ್ಲಿ ಅವರಿಗೆ ಏನು ಬರುತ್ತಿತ್ತು, ಈಗ ಏನು ಬರುತ್ತದೆ? ಹೆಸರಿಟ್ಟು ಕೇಳಬೇಕು, ಶೇಕಡಾದಲ್ಲಿ ಅಲ್ಲ. ಹತ್ತು ಹದಿಮೂರು ಮಕ್ಕಳ ಲೆಕ್ಕಕ್ಕೆ ಶೇಕಡಾ ಯಾಕೆ? ಒಬ್ಬ ಗೈರಾದರೆ ಅಂಕಿ ಎಂಟು ಹತ್ತು ಬೀಳುತ್ತದೆ. ಉಳಿದ ಮಕ್ಕಳು ಎರಡು ವರ್ಷದಲ್ಲಿ ಎಷ್ಟು ಮುಂದೆ ಹೋದರು ಅನ್ನುವುದೊಂದೇ ಆ ಶಾಲೆಯ ಸಾಧನೆ. ಮಕ್ಕಳ ವಿವರವೆಲ್ಲ ಇಲಾಖೆಯ ಆನ್‌ಲೈನ್ ದಾಖಲೆಯಾದ ಎಸ್‌ಎಟಿಎಸ್‌ನಲ್ಲಿ ಇದ್ದೇ ಇದೆ. ಹೋದ ಮಗು ಮೊರಾರ್ಜಿಗೆ ಹೋಯಿತೋ, ಕಾನ್ವೆಂಟಿಗೋ, ಅಪ್ಪ ಅಮ್ಮನ ಜೊತೆ ಗುಳೆ ಹೋಯಿತೋ ಅನ್ನುವುದು ಟಿಸಿ ಪುಸ್ತಕ ತೆರೆದರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಮೊರಾರ್ಜಿಗೆ ಹೋದದ್ದನ್ನು ಶಾಲೆಯ ಸೋಲಿನ ಖಾತೆಗೆ ಬರೆಯುವುದನ್ನಾದರೂ ನಿಲ್ಲಿಸಬಹುದು.

ದಾಖಲಾತಿಯ ವಿಷಯದಲ್ಲಿ ನಮ್ಮೂರಲ್ಲಿ ಎಲ್ಲರಿಗಿಂತ ಹೆಚ್ಚು ತಲೆಕೆಡಿಸಿಕೊಳ್ಳುವವರು ಮುಖ್ಯಶಿಕ್ಷಕರೂ ಅಲ್ಲ, ಬಿಇಒ ಕೂಡ ಅಲ್ಲ. ಬಿಸಿಯೂಟದ ಇಬ್ಬರು ಅಡುಗೆಯವರು. ಬಿಸಿಯೂಟ ಯೋಜನೆಯ ನಿಯಮದಲ್ಲಿ 25 ಮಕ್ಕಳವರೆಗೆ ಒಬ್ಬರೇ ಅಡುಗೆಯವರು, 26 ಆದರೆ ಇಬ್ಬರು. ತಿಂಗಳಿಗೆ 5 ಸಾವಿರವೂ ಮುಟ್ಟದ ಗೌರವಧನ ಅದು, ಆದರೂ ಮನೆ ನಡೆಯುವುದು ಅದರ ಮೇಲೆ. ಮೇ ಕೊನೆ ವಾರದಲ್ಲಿ ಅವರಿಬ್ಬರೂ ಬೀದಿ ಬೀದಿ ಸುತ್ತುತ್ತಾರೆ. ಯಾರ ಮನೆಯಲ್ಲಿ ಆರು ತುಂಬುವ ಮಗು ಇದೆ, ಯಾರು ಬೆಂಗಳೂರಿಂದ ವಾಪಸ್ ಬಂದಿದ್ದಾರೆ, ಯಾವ ಹುಡುಗನಿಗೆ ಮೊರಾರ್ಜಿ ಸೀಟು ಸಿಗಲಿಲ್ಲ, ಎಲ್ಲ ಅವರ ಬಾಯಲ್ಲೇ ಇರುತ್ತದೆ. "ಇಲ್ಲೇ ಹಾಕಕ್ಕಾ ಆರಕ್ಕೆ, ವಾರಕ್ಕೆ ಆರು ದಿನ ಮೊಟ್ಟೆ ಕೊಡ್ತೀವಿ" ಅಂತ ಹಿರಿಯಾಕೆ ಒಂದು ಮನೆ ಜಗಲಿಯಲ್ಲಿ ಕೂತು ಹೇಳುತ್ತಿದ್ದಳು. ಒಳಗಿಂದ ಬಂದ ಪ್ರಶ್ನೆ ಒಂದೇ. "ಲೆಕ್ಕದ ಮಿಸ್ಸು ಈ ವರ್ಷನೂ ಇರ್ತಾರಾ?"

"ಇರ್ತಾರಂತೆ" ಅಂದಳು. ನನ್ನ ಕಡೆ ನೋಡಲಿಲ್ಲ.